ಕೆಂಪು ದೀಪ ಹತ್ತಿದರೆ ವಾಲ್ವ್ ತೆರೆದಿದೆಯೋ, ಮುಚ್ಚಿದೆಯೋ? ಏಳು ವರ್ಷದ ನನ್ನ ಪಿಎಚ್‌ಡಿ ಮುಗಿದ ಕಥೆ

ಹೋದ ತಿಂಗಳು ನನ್ನ ಪಿಎಚ್‌ಡಿ ವೈವಾ ಮುಗಿಯಿತು. ನೋಂದಣಿ ಮಾಡಿಸಿದ ದಿನದಿಂದ ಎಣಿಸಿದರೆ ಏಳು ವರ್ಷ ಎರಡು ತಿಂಗಳು. ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರುಮೆಂಟೇಷನ್ ಪಾಠ ಮಾಡಿಕೊಂಡೇ ಪಾರ್ಟ್‌ಟೈಮ್ ಆಗಿ ಮುಗಿಸಿದ್ದು. ವಿಷಯ ಇಷ್ಟು: ಅಣು ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ದೀಪ, ಮೀಟರು, ಪರದೆಗಳನ್ನು ಜೋಡಿಸುವ ರೀತಿ ಬದಲಾದರೆ ಅಲ್ಲಿ ಕೂತ ಆಪರೇಟರನ ಕೆಲಸ ಹೇಗೆ ಬದಲಾಗುತ್ತದೆ ಅನ್ನುವುದು. ವೈವಾ ಆದ ಮೇಲೆ ಬೇರೆ ಬೇರೆ ಊರಿನ ಇಬ್ಬರು ಫೋನ್ ಮಾಡಿ, "ಮನುಷ್ಯರನ್ನ ಕೂರಿಸಿ ಪ್ರಯೋಗ ಮಾಡೋಕೆ ಯಾರ ಪರ್ಮಿಷನ್ ಬೇಕು ಮೇಡಂ, ಎಲ್ಲಿಂದ ಶುರು ಮಾಡ್ಬೇಕು" ಎಂದು ಕೇಳಿದರು. ನನಗೂ ಆಗ ಹೇಳುವವರು ಸಿಕ್ಕಿರಲಿಲ್ಲ. ಅವರಿಬ್ಬರಿಗೆ ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಕೆಇಬಿಯಲ್ಲಿ ಸ್ಟೇಷನ್ ಆಪರೇಟರ್ ಆಗಿದ್ದರು. ಜಗಳೂರು ಕಡೆಯ ಒಂದು ಸಬ್‌ಸ್ಟೇಷನ್ನಿನ ಕ್ವಾರ್ಟರ್ಸ್‌ನಲ್ಲಿ ನಾನು ಬೆಳೆದೆ. ರಾತ್ರಿ ಪಾಳಿ ಇದ್ದಾಗ ಅಪ್ಪನಿಗೆ ಬುತ್ತಿ ಕೊಡಲು ಹೋದರೆ ಆ ಬೂದು ಬಣ್ಣದ ಪ್ಯಾನೆಲ್ಲಿನ ಮುಂದೆ ನಿಂತುಬಿಡುತ್ತಿದ್ದೆ. ಹೂಟರ್ ಕೂಗಿದರೆ ಅಪ್ಪ ಓಡಿಹೋಗಿ ಸದ್ದು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಮೊದಲು ದೋಷ ತೋರಿಸುವ ಯಾವ ರಿಲೇ ಫ್ಲ್ಯಾಗ್ ಬಿದ್ದಿದೆ ಎಂದು ನೋಡಿ, ಲಾಗ್ ಬುಕ್ಕಿನಲ್ಲಿ ಟೈಮ್ ಹಾಕಿ ಬರೆದು, ಆಮೇಲೆ ರೀಸೆಟ್ ಒತ್ತುತ್ತಿದ್ದರು. ಕಿವಿ ಕಿತ್ತುಹೋಗುವ ಸದ್ದಿನಲ್ಲೂ ಅವರ ಕೈಬರಹ ಕೆಡುತ್ತಿರಲಿಲ್ಲ.

ಎಂ.ಟೆಕ್ ಓದುವಾಗ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದ ವರದಿ ಕೈಗೆ ಬಂದಾಗ ನೆನಪಾದದ್ದು ಆ ಪ್ಯಾನೆಲ್ಲೇ. 1979ರ ಮಾರ್ಚ್ 28, ಅಮೆರಿಕದ ಪೆನ್ಸಿಲ್ವೇನಿಯಾ, ಬೆಳಗಿನ ಜಾವ ನಾಲ್ಕು ಗಂಟೆ. ಎರಡನೇ ಘಟಕಕ್ಕೆ ನೀರು ಉಣಿಸುವ ಪಂಪುಗಳು ನಿಂತವು, ರಿಯಾಕ್ಟರ್ ತಾನಾಗಿಯೇ ಟ್ರಿಪ್ ಆಗಿ ನಿಂತಿತು. ಒತ್ತಡ ಇಳಿಸಲು ತೆರೆದುಕೊಂಡ ರಿಲೀಫ್ ವಾಲ್ವ್ ಮತ್ತೆ ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಆದರೆ ಪ್ಯಾನೆಲ್ ಮೇಲಿನ ದೀಪ ಆರಿತು, ಅಂದರೆ ಮುಚ್ಚಿದೆ ಎಂದೇ ಅರ್ಥ. ಆ ದೀಪಕ್ಕೆ ವಾಲ್ವಿನ ಜೊತೆ ಸಂಪರ್ಕವೇ ಇರಲಿಲ್ಲ. "ಮುಚ್ಚು" ಎಂಬ ಸಿಗ್ನಲ್ ಹೋಗಿದೆ ಎಂಬುದನ್ನು ಮಾತ್ರ ಅದು ತೋರಿಸುತ್ತಿತ್ತು. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂ. ಅಲಾರಂ ಮುದ್ರಿಸುವ ಪ್ರಿಂಟರ್ ಗಂಟೆಗಟ್ಟಲೆ ಹಿಂದೆ ಬಿತ್ತು. ಸೋರಿದ ನೀರು ಹೋಗಿ ಸೇರುತ್ತಿದ್ದ ಟ್ಯಾಂಕಿನ ಮೀಟರು ಇದ್ದದ್ದು ಪ್ಯಾನೆಲ್ಲಿನ ಹಿಂಬದಿಯಲ್ಲಿ. ತುರ್ತು ನೀರಿನ ವಾಲ್ವ್ ಮುಚ್ಚಿದೆ ಎಂದು ಹೇಳುತ್ತಿದ್ದ ಒಂದು ದೀಪದ ಮೇಲೆ ರಿಪೇರಿಯ ಹಳದಿ ಚೀಟಿ ಜೋತುಬಿದ್ದಿತ್ತು; ಆ ವಾಲ್ವ್ ಮುಚ್ಚಿದೆ ಎಂದು ಗೊತ್ತಾಗಲು ಎಂಟು ನಿಮಿಷ ಬೇಕಾಯಿತು. ರಿಲೀಫ್ ವಾಲ್ವ್ ತೆರೆದೇ ಇದೆ ಎಂದು ತಿಳಿದು ಅದರ ಸಾಲಿನ ಇನ್ನೊಂದು ವಾಲ್ವನ್ನು ಮುಚ್ಚುವಷ್ಟರಲ್ಲಿ ಸುಮಾರು 2 ಗಂಟೆ 20 ನಿಮಿಷ ಕಳೆದಿತ್ತು. ರಿಯಾಕ್ಟರಿನ ಇಂಧನದಲ್ಲಿ ಹತ್ತಿರ ಹತ್ತಿರ ಅರ್ಧ ಕರಗಿತು.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲವ್ವಾ, ದೀಪ ಸುಳ್ಳು ಹೇಳಿದ್ರೆ ಆಪರೇಟರ್ ಏನ್ ಮಾಡ್ಬೇಕು?" ಎಂದರು. ನನ್ನ ಥೀಸಿಸ್ ಶುರುವಾದದ್ದು ಅಲ್ಲಿಂದ.

ನೋಂದಣಿ ಆದದ್ದು 2018ರಲ್ಲಿ. ಅದೇ ವರ್ಷದ ಕೊನೆಯಲ್ಲಿ ಕೈಗಾದ 1ನೇ ಘಟಕ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿದ ಸುದ್ದಿ ಪೇಪರುಗಳಲ್ಲಿ ಬಂತು. ಎಲ್ಲರೂ ಯಂತ್ರವನ್ನು ಹೊಗಳುತ್ತಿದ್ದರೆ ನನಗೆ ಕಾಣುತ್ತಿದ್ದದ್ದು 962 ಹಗಲು, 962 ರಾತ್ರಿ ಪಾಳಿ ಬದಲಿಸಿಕೊಂಡು ಆ ಪ್ಯಾನೆಲ್ ಕಾದ ಜನ. ಏನೂ ಆಗದ ಪ್ಯಾನೆಲ್ಲನ್ನು ಎಚ್ಚರವಾಗಿ ನೋಡುತ್ತ ಕೂರುವುದು ಎಂಥ ಕಷ್ಟ ಎಂದು ಪಾಳಿ ಮಾಡಿದವರ ಮನೆಯಲ್ಲಿ ಬೆಳೆದವರಿಗೆ ಗೊತ್ತು.

ಸಂಶೋಧನೆಯ ಪ್ರಗತಿ ನೋಡುವ ಕಮಿಟಿಯ ಮೊದಲ ಸಭೆಯಲ್ಲೇ ಪ್ರಶ್ನೆ ಬಂತು: ದಾವಣಗೆರೆಯಲ್ಲಿ ಕೂತು ಅಣುಸ್ಥಾವರದ ಕಂಟ್ರೋಲ್ ರೂಮ್ ಅಧ್ಯಯನ ಹೇಗೆ ಮಾಡುತ್ತೀರಿ? ನ್ಯಾಯವಾದ ಪ್ರಶ್ನೆ. ನಾನು ಒಂದೂವರೆ ವರ್ಷ ಪತ್ರ ಬರೆಯುತ್ತಲೇ ಇದ್ದೆ. ಭದ್ರತೆಯ ಜಾಗ ಅದು, ಕಂಟ್ರೋಲ್ ರೂಮಿನ ಒಳಗೆ ಕೂತು ಆಪರೇಟರುಗಳನ್ನು ಅಳೆಯುತ್ತೇನೆ ಎಂದರೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಈ ದಾರಿಗೆ ಬರುವವರು ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಸ್ಥಾವರದೊಳಗೆ ಪ್ರವೇಶ ಸಿಕ್ಕರೆ ಮಾತ್ರ ನಿಲ್ಲುವ ಥೀಸಿಸ್ ಬರೆಯಲು ಹೋಗಬೇಡಿ. ಆ ಒಂದೂವರೆ ವರ್ಷ ನನಗೆ ವಾಪಸ್ ಸಿಗಲಿಲ್ಲ.

ದಾರಿ ತೋರಿಸಿದ್ದು ನಿವೃತ್ತರಾಗಿ ಚಿತ್ರದುರ್ಗದಲ್ಲಿ ನೆಲೆಸಿದ್ದ ಒಬ್ಬ ಶಿಫ್ಟ್ ಇಂಜಿನಿಯರ್. ಸ್ಥಾವರದ ಗುಟ್ಟು ಒಂದನ್ನೂ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೆಲಸದ ಬಗೆ ಹೇಳಿದರು. "ಒಳ್ಳೇ ಬೋರ್ಡ್ ಅಂದ್ರೆ ಕತ್ತಲೆ ಬೋರ್ಡ್ ಮೇಡಂ. ಎಲ್ಲ ಸರಿ ಇದ್ದಾಗ ಒಂದು ಅಲಾರಂ ದೀಪನೂ ಉರೀಬಾರದು. ಸದಾ ನಾಲ್ಕು ದೀಪ ಉರೀತಾ ಇದ್ರೆ ಐದನೇದು ಹತ್ತಿದ್ದು ಕಣ್ಣಿಗೇ ಬೀಳಲ್ಲ" ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಹಳೆಯ ಉದ್ದನೆಯ ಪ್ಯಾನೆಲ್ಲಿದ್ದ ಕಾಲದಲ್ಲಿ ಹಿಂದೆ ಕೂತ ಮೇಲ್ವಿಚಾರಕನಿಗೆ ಯಾರು ಯಾವ ಪ್ಯಾನೆಲ್ ಮುಂದೆ ನಿಂತಿದ್ದಾರೆ, ಯಾವ ಹಿಡಿಗೆ ಕೈ ಹಾಕಿದ್ದಾರೆ ಎಂದು ಕೂತಲ್ಲೇ ಕಾಣುತ್ತಿತ್ತು. ಎಲ್ಲರೂ ತಂತಮ್ಮ ಕಂಪ್ಯೂಟರ್ ಮುಂದೆ ಕೂತರೆ ಅದು ಕಾಣುವುದಿಲ್ಲ. ಗೋಡೆಯ ಮೇಲೆ ಎಲ್ಲರಿಗೂ ಕಾಣುವ ದೊಡ್ಡ ಪರದೆ ಬೇಕಾಗುವುದು ಅದಕ್ಕೇ. ಇದನ್ನೇ ಆಮೇಲೆ ಓದಿದ ಲೇಖನಗಳಲ್ಲಿ ಪುಟಗಟ್ಟಲೆ ಕಂಡೆ. ಅವರು ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸಿದ್ದರು.

ಕಂಟ್ರೋಲ್ ರೂಮ್ ಇಲ್ಲ ಅಂದ ಮೇಲೆ ಸಿಮ್ಯುಲೇಟರ್ ಬೇಕು, ಅಂದರೆ ಸ್ಥಾವರದ ಹಾಗೇ ನಡೆದುಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಂ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಶಿಕ್ಷಣಕ್ಕೆಂದೇ ಸಾಮಾನ್ಯ ಪಿಸಿಯಲ್ಲಿ ಓಡುವ ಸಿಮ್ಯುಲೇಟರುಗಳನ್ನು ಮಾಡಿಸಿದೆ. ಭೌತಶಾಸ್ತ್ರ ಕಲಿಯಲು ಅವು ಚೆನ್ನ. ಆದರೆ ನನಗೆ ಬೇಕಾದದ್ದು ಪರದೆಯನ್ನೇ ಬದಲಿಸಿ ನೋಡುವುದು, ಸಿದ್ಧ ಪರದೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಅಮೆರಿಕದ ಐಡಾಹೊ ರಾಷ್ಟ್ರೀಯ ಪ್ರಯೋಗಾಲಯದವರು ವಿದ್ಯಾರ್ಥಿಗಳೂ ಬೇಗ ಕಲಿತು ಓಡಿಸಬಹುದಾದ ರ‍್ಯಾಂಕರ್ ಎಂಬ ಪುಟ್ಟ ಸ್ಥಾವರದ ಆಟವನ್ನು ಇಂಥದೇ ಪ್ರಯೋಗಗಳಿಗಾಗಿ ಕಟ್ಟಿದ್ದಾರೆ ಎಂದು ಓದಿದಾಗ ಧೈರ್ಯ ಬಂತು. ಅದೇ ದಾರಿಯಲ್ಲಿ ನಾನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಚಿಕ್ಕ ಸ್ಥಾವರ ಬರೆದೆ. ಒಂದು ರಿಯಾಕ್ಟರ್, ನೀರಿನ ಒತ್ತಡ ಕಾಯುವ ಒಂದು ಪ್ರೆಶರೈಸರ್, ಹಬೆ ಮಾಡುವ ಒಂದು ಸ್ಟೀಮ್ ಜನರೇಟರ್, ಟರ್ಬೈನ್, ನಾಲ್ಕು ಪಂಪು, ಹನ್ನೊಂದು ವಾಲ್ವ್. ಬರೆಯಲು ಎಂಟು ತಿಂಗಳು, ಅದು ಸುಳ್ಳು ಲೆಕ್ಕ ಕೊಡುವುದನ್ನು ನಿಲ್ಲಿಸಲು ಇನ್ನೂ ಆರು ತಿಂಗಳು.

ಒಂದೇ ಸ್ಥಾವರಕ್ಕೆ ಎರಡು ಮುಖ ಮಾಡಿದೆ. ಮೊದಲನೆಯದು ಹಳೆಯ ಪದ್ಧತಿಯದು: ಮೇಲೆ ಸಾಲಾಗಿ ಅಲಾರಂ ಕಿಟಕಿಗಳು (ಅಲಾರಂ ಬಂದಾಗ ಬೆಳಗುವ ಚೌಕಗಳು), ಕೆಳಗೆ ಬಿಡಿಬಿಡಿ ಮೀಟರು, ವಾಲ್ವಿನ ದೀಪ ಸಿಗ್ನಲ್ ಹೋದದ್ದನ್ನಷ್ಟೇ ತೋರಿಸುತ್ತದೆ. ಎರಡನೆಯದರಲ್ಲಿ ಪೈಪುಗಳ ಚಿತ್ರ, ಅದರ ಮೇಲೇ ವಾಲ್ವಿನ ನಿಜಸ್ಥಿತಿ, ಒತ್ತಡ ಮತ್ತು ನೀರಿನ ಮಟ್ಟದ ಕಳೆದ ಹತ್ತು ನಿಮಿಷದ ಗೆರೆ ಅಕ್ಕಪಕ್ಕ, ಅಲಾರಂಗಳು ತುರ್ತಿನ ಪ್ರಕಾರ ಗುಂಪಾಗಿ. ಅಮೆರಿಕದ ಅಣು ನಿಯಂತ್ರಣ ಆಯೋಗದ ನ್ಯುರೆಗ್-0700 ಎಂಬ ದಪ್ಪ ಮಾರ್ಗಸೂಚಿ ಇದೆ, ಮೊದಲು ಬಂದದ್ದು 1981ರಲ್ಲಿ, ತ್ರೀ ಮೈಲ್ ಐಲೆಂಡಿನ ಪಾಠ ಕಲಿತ ಮೇಲೆ. ಆಯೋಗದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಕ್ಷರದ ಗಾತ್ರದಿಂದ ಹಿಡಿದು ಅಲಾರಂ ಸದ್ದಿನವರೆಗೆ ಎಲ್ಲವೂ ಅದರಲ್ಲಿದೆ. ಬೇರೆ ಪುಸ್ತಕಕ್ಕೆ ದುಡ್ಡು ಹಾಕುವ ಮುಂಚೆ ಅದನ್ನು ಓದಿ.

ಈಗ ಪರ್ಮಿಷನ್ನಿನ ವಿಷಯ. ನಾನು ಅತಿ ಹೆಚ್ಚು ಕಂಗೆಟ್ಟದ್ದು ಇಲ್ಲಿ.

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮನುಷ್ಯರನ್ನು ಕೂರಿಸಿ ಮಾಡುವ ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿ ಇರುವುದಿಲ್ಲ. ನಮ್ಮಲ್ಲೂ ಇರಲಿಲ್ಲ. "ಕಂಪ್ಯೂಟರ್ ಮುಂದೆ ಕೂರ್ಸೋದಕ್ಕೆ ಎಥಿಕ್ಸ್ ಯಾಕೆ" ಎಂದು ಹೇಳಿದವರು ಬಹಳ. ಆದರೆ ಒಳ್ಳೆಯ ಜರ್ನಲ್ ಒಂದೂ ಅಂಥ ಸಮಿತಿಯ ಅನುಮತಿ ಪತ್ರವಿಲ್ಲದೆ ಲೇಖನ ಮುಟ್ಟುವುದಿಲ್ಲ. ಊರಿನ ಒಂದು ವೈದ್ಯಕೀಯ ಕಾಲೇಜಿನ ಸಮಿತಿಗೆ ಅರ್ಜಿ ಹಾಕಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊರಡಿಸಿದ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಸಮಿತಿಯ ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು, ಒಬ್ಬರು ಕಾನೂನು ಬಲ್ಲವರು, ಒಬ್ಬರು ಸಾಮಾನ್ಯ ನಾಗರಿಕರು ಇರಬೇಕು, ಕನಿಷ್ಠ ಐದು ಜನ ಸೇರದಿದ್ದರೆ ಸಭೆಯೇ ನಡೆಯುವುದಿಲ್ಲ. ಎರಡು ಸಲ ಐದು ಜನ ಸೇರಲಿಲ್ಲ. ನಡುವೆ ಕೋವಿಡ್ ಬಂತು. ಅರ್ಜಿಯಿಂದ ಅನುಮತಿಯವರೆಗೆ ಹದಿನಾಲ್ಕು ತಿಂಗಳು.

ಕೊಟ್ಟ ಕಾಗದಗಳು: ಪ್ರಯೋಗದ ಪೂರ್ತಿ ವಿವರ, ಗೈಡ್ ಸರ್ ಮತ್ತು ನನ್ನ ಬಯೋಡೇಟಾ, ಕಾಲೇಜಿನ ಒಪ್ಪಿಗೆ ಪತ್ರ, ಭಾಗವಹಿಸುವವರಿಗೆ ಮಾಹಿತಿ ಹಾಳೆ ಮತ್ತು ಸಮ್ಮತಿ ಪತ್ರ ಕನ್ನಡ-ಇಂಗ್ಲಿಷ್ ಎರಡರಲ್ಲೂ, ಕನ್ನಡದ್ದನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿದ ಪ್ರತಿ, ಪ್ರಶ್ನಾವಳಿ, ಖರ್ಚು ಯಾರು ಕೊಡುತ್ತಾರೆಂಬ ಪತ್ರ. ಆ ಮರು ಅನುವಾದ ಬೇಕು ಎಂದು ಗೊತ್ತಿರದೆ ನನಗೆ ಒಂದು ಸಭೆ ತಪ್ಪಿತು. ಅಂದರೆ ಎರಡು ತಿಂಗಳು. ಅರ್ಜಿ ಹಾಕುವ ಮೊದಲೇ ಮಾಡಿಸಿ ಇಟ್ಟುಕೊಳ್ಳಿ.

ಸಮಿತಿ ಎತ್ತಿದ ಒಂದು ಆಕ್ಷೇಪ ನನ್ನನ್ನು ನಾಚಿಸಿತು, ಅವರ ಮಾತು ಸರಿ ಇತ್ತು. ನನ್ನ ಕ್ಲಾಸಿನ ಹುಡುಗರನ್ನೇ ಕೂರಿಸುವುದಾಗಿ ಬರೆದಿದ್ದೆ. ಸಮಿತಿಯಲ್ಲಿದ್ದ ವಕೀಲರು ಕೇಳಿದರು: "ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಲ್ಲಿದೆ. ಆ ಹುಡುಗ ಬೇಡ ಅನ್ನೋಕೆ ಆಗುತ್ತಾ ತಾಯಿ?" ಆಗುವುದಿಲ್ಲ. ಕೊನೆಗೆ ಬೇರೆ ಎರಡು ಕಾಲೇಜುಗಳ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿ ಬಂದೆ. ದುಡ್ಡಿನ ಬಗ್ಗೆಯೂ ಚರ್ಚೆ ಆಯಿತು. ಆಮಿಷ ಅನ್ನಿಸುವಷ್ಟು ಕೊಡುವ ಹಾಗಿಲ್ಲ, ಬಂದುಹೋಗುವ ಖರ್ಚು ಅವರ ಮೇಲೆ ಬೀಳುವ ಹಾಗೂ ಇಲ್ಲ. ತಲೆಗೆ 200 ರೂಪಾಯಿ ಮತ್ತು ತಿಂಡಿ ಎಂದು ನಿಗದಿ ಆಯಿತು.

ಈ ಕಾಯುವಿಕೆಯ ನಡುವೆಯೇ ವಿಶ್ವವಿದ್ಯಾಲಯಕ್ಕೆ ಶೀರ್ಷಿಕೆ ಬದಲಾವಣೆಯ ಅರ್ಜಿ ಹೋಗಿತ್ತು. ಪೋರ್ಟಲ್ಲಿನಲ್ಲಿ ಅದರ ಮುಂದೆ ಹಸಿರು ಅಕ್ಷರದಲ್ಲಿ "ರವಾನಿಸಲಾಗಿದೆ" ಎಂದು ಬರುತ್ತಿತ್ತು. ದಿನಾ ಬೆಳಿಗ್ಗೆ ಹಾಲು ಕಾಯಲು ಇಟ್ಟು ಮೊಬೈಲಿನಲ್ಲಿ ನೋಡುವೆ, ರವಾನಿಸಲಾಗಿದೆ. ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ದಿನ ರಜೆ ಹಾಕಿ ಬೆಳಗಿನ ಬಸ್ಸು ಹಿಡಿದು ಹೋದೆ. ಅಲ್ಲಿನ ಗುಮಾಸ್ತರು ಬಹಳ ಸೌಜನ್ಯದಿಂದಲೇ ಹೇಳಿದರು: "ನಿಮ್ಮ ಕಾಲೇಜಿನವರು ಬಟನ್ ಒತ್ತಿದ ತಕ್ಷಣ ಹಾಗೆ ತೋರಿಸ್ತದೆ ಮೇಡಂ. ಫೈಲು ಇನ್ನೂ ನಮಗೆ ಬಂದೇ ಇಲ್ಲ." ಫೈಲು ನಮ್ಮ ಊರಲ್ಲೇ ಒಂದು ಕಪಾಟಿನಲ್ಲಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ತ್ರೀ ಮೈಲ್ ಐಲೆಂಡಿನ ದೀಪದ ಬಗ್ಗೆ ಅಷ್ಟೊಂದು ಪುಟ ಬರೆದಿದ್ದ ನಾನು, ಆದೇಶ ಹೋದದ್ದನ್ನೇ ಕೆಲಸ ಆದದ್ದು ಎಂದು ನಾಲ್ಕು ತಿಂಗಳು ಓದಿಕೊಂಡಿದ್ದೆ. ಹಾಗಿರುವಾಗ ನಾಲ್ಕು ಗಂಟೆ ಜಾವದಲ್ಲಿ, ನೂರು ಅಲಾರಂ ಕೂಗುವಾಗ ಆ ದೀಪವನ್ನು ನಂಬಿದವರನ್ನು ತಪ್ಪುಗಾರರು ಎಂದು ಕರೆಯುವುದು ಹೇಗೆ? ಆ ರಾತ್ರಿ ಥೀಸಿಸ್ಸಿನ ಎರಡನೇ ಅಧ್ಯಾಯದಲ್ಲಿ "ಆಪರೇಟರುಗಳ ತಪ್ಪು" ಎಂದಿದ್ದ ಕಡೆಯೆಲ್ಲ ತಿದ್ದಿದೆ. ನಿಮಗೆ ಹೇಳುವುದು: ಪೋರ್ಟಲ್ ಏನೇ ತೋರಿಸಲಿ, ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ಇನ್‌ವರ್ಡ್ ನಂಬರ್ ಕೇಳಿ. ಇನ್‌ವರ್ಡ್ ನಂಬರ್ ಇಲ್ಲ ಅಂದರೆ ಫೈಲು ತಲುಪಿಲ್ಲ.

ಅನುಮತಿ ಬಂದ ಮೇಲೆ ಎಂಟು ಜನರ ಜೊತೆ ಪೂರ್ವಪ್ರಯೋಗ ಮಾಡಿದೆ. ಇದನ್ನು ಬಿಟ್ಟು ನೇರ ಮುಖ್ಯ ಪ್ರಯೋಗಕ್ಕೆ ಹೋಗಿದ್ದರೆ ಎಲ್ಲವೂ ನೀರಲ್ಲಿ ಹೋಮ ಆಗುತ್ತಿತ್ತು. ಮೊದಲ ದಿನವೇ ತಕರಾರು ಬಣ್ಣದ್ದು. ಎಂಟರಲ್ಲಿ ಇಬ್ಬರು ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡುವವರು. ಕೆಂಪು ದೀಪ ಕಂಡರೆ ವಿದ್ಯಾರ್ಥಿಗಳು "ಅಪಾಯ, ನಿಂತಿದೆ" ಎಂದರು. ಸಬ್‌ಸ್ಟೇಷನ್ನಿನವರು, "ಕೆಂಪಂದ್ರ ಲೈನ್ ಚಾರ್ಜ್ ಐತ್ರಿ ಮೇಡಂ, ಹಸಿರಂದ್ರ ಆಫ್" ಎಂದರು. ಎರಡೂ ಕಡೆಯವರು ತಮ್ಮ ಲೆಕ್ಕದಲ್ಲಿ ಸರಿ. ವಿದ್ಯುತ್ ಸ್ಥಾವರಗಳಲ್ಲಿ ಕೆಂಪು ಎಂದರೆ ಚಾಲೂ ಅಥವಾ ತೆರೆದಿದೆ, ಹಸಿರು ಎಂದರೆ ಬಂದ್ ಎಂಬ ರೂಢಿ ಹಳೆಯದು. ರಸ್ತೆಯ ಸಿಗ್ನಲ್ಲಿನಲ್ಲಿ ಬೆಳೆದ ಕಣ್ಣಿಗೆ ಅದು ತಲೆಕೆಳಗು. ಅಪ್ಪನ ಮಗಳಾಗಿ ನನಗಿದು ಗೊತ್ತಿರಬೇಕಿತ್ತು, ಹೊಳೆದೇ ಇರಲಿಲ್ಲ.

ಎರಡನೆಯದು ಭಾಷೆಯದು. ಕೆಲಸದ ಹೊರೆ ಅಳೆಯಲು ನಾಸಾದ ಟಿಎಲ್‌ಎಕ್ಸ್ ಎಂಬ ಪ್ರಶ್ನಾವಳಿ ಇದೆ, 1980ರ ದಶಕದಿಂದ ಬಳಕೆಯಲ್ಲಿದೆ, ಆರು ಅಳತೆಪಟ್ಟಿಗಳು. ನನ್ನ ಕನ್ನಡ ಅನುವಾದದಲ್ಲಿ "ನಿಮ್ಮ ಮೇಲೆ ಎಷ್ಟು ಒತ್ತಡ ಇತ್ತು?" ಎಂದು ಬರೆದಿದ್ದೆ. ಒಬ್ಬರು ಸೀದಾ ಪರದೆಯ ಕಡೆ ತಿರುಗಿ ಪ್ರೆಶರೈಸರ್ ಮೀಟರ್ ನೋಡಿ ಅಂಕಿ ಬರೆದರು. ಅವರ ತಪ್ಪೇನೂ ಇಲ್ಲ, ಅರ್ಧ ಗಂಟೆಯಿಂದ ಅವರು ಕಾಯುತ್ತಿದ್ದ "ಒತ್ತಡ" ಅದೇ ತಾನೆ. ಕೂತು ಎಲ್ಲವನ್ನೂ ಬದಲಿಸಿದೆ: ತಲೆಗೆ ಎಷ್ಟು ಕೆಲಸ ಬಿತ್ತು, ಎಷ್ಟು ಅವಸರ ಅನ್ನಿಸಿತು, ಎಷ್ಟು ಹೆಣಗಬೇಕಾಯಿತು, ಎಷ್ಟು ರೇಜಿಗೆ ಆಯಿತು. "ರೇಜಿಗೆ" ಪದ ಸಿಕ್ಕಿದ್ದು ನಮ್ಮ ಅತ್ತೆಯ ಬಾಯಿಂದ. ಎಂಟು ಜನರಲ್ಲಿ ಒಬ್ಬರೂ ಅದರ ಅರ್ಥ ಕೇಳಲಿಲ್ಲ. ಈ ಪ್ರಶ್ನಾವಳಿಯಲ್ಲಿ ಇನ್ನೊಂದು ಬಲೆ ಇದೆ. ಐದು ಪಟ್ಟಿಗಳು ಎಡದಿಂದ ಬಲಕ್ಕೆ ಕಡಿಮೆಯಿಂದ ಹೆಚ್ಚಿಗೆ ಹೋದರೆ, "ಕೆಲಸ ಹೇಗಾಯಿತು" ಎಂಬ ಪಟ್ಟಿ ಮಾತ್ರ ಎಡಕ್ಕೆ ಪೂರ್ತಿ ಯಶಸ್ಸು, ಬಲಕ್ಕೆ ಸೋಲು. ಚೆನ್ನಾಗಿ ಮಾಡಿದವರೇ ಬಲತುದಿಗೆ ಗೆರೆ ಹಾಕಿಬಿಡುತ್ತಾರೆ. ಆ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಕೊಟ್ಟು, ಬಾಯಲ್ಲೂ ಹೇಳಿ.

ಮೂರನೆಯದನ್ನು ಬರೆಯಲು ಈಗಲೂ ಕಷ್ಟ. ಬಣ್ಣ ಗುರುತಿಸುವ ಪರೀಕ್ಷೆಗೆ ಕಣ್ಣಿನ ಡಾಕ್ಟರೊಬ್ಬರಿಂದ, ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಿಸುವ ಇಶಿಹರಾ ಪುಸ್ತಕ ತಂದಿದ್ದೆ. ಒಬ್ಬ ಹುಡುಗ ನಾಲ್ಕನೇ ಹಾಳೆಯಲ್ಲಿ ನಿಂತ. ಬೆರಳಿಂದ ಚುಕ್ಕೆಗಳ ಮೇಲೆ ಸವರಿ ನೋಡಿದ, ಹಾಳೆ ವಾರೆ ಮಾಡಿ ಬೆಳಕಿಗೆ ಹಿಡಿದ. "ಇದರಲ್ಲಿ ನಂಬರ್ ಇದೆಯಾ ಮೇಡಂ?" ಎಂದು ಕೇಳಿದ. ಕೆಂಪು-ಹಸಿರು ಬೇರೆ ಮಾಡುವುದು ತನಗೆ ಕಷ್ಟ ಎಂದು ಇಪ್ಪತ್ತೊಂದು ವರ್ಷ ಅವನಿಗೆ ಗೊತ್ತಿರಲಿಲ್ಲ. ಅವನು ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆಗೆ ಓದುತ್ತಿದ್ದ. ಇಂಥದ್ದು ಗೊತ್ತಾದರೆ ಏನು ಮಾಡಬೇಕೆಂದು ನನ್ನ ಸಮ್ಮತಿ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಅವತ್ತು ಪ್ರಯೋಗ ನಿಲ್ಲಿಸಿ, ಅವನ ಜೊತೆ ಹೊರಗೆ ಬೇವಿನ ಮರದ ಕೆಳಗೆ ಕೂತೆ. ಬಹಳ ಹೊತ್ತಿನ ಮೇಲೆ ಅವನೇ ಹೇಳಿದ, "ಸಿಗ್ನಲ್ಲಲ್ಲಿ ನಾನು ಬಣ್ಣ ನೋಡಲ್ಲ ಮೇಡಂ, ಮೇಲಿಂದಾ ಕೆಳಗಿಂದಾ ನೋಡ್ತೀನಿ. ಎಲ್ಲರೂ ಹಂಗೇ ಅನ್ಕೊಂಡಿದ್ದೆ." ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ, ಅವರು ಫೀ ತೆಗೆದುಕೊಳ್ಳಲಿಲ್ಲ. ಸಮಿತಿಗೆ ತಿದ್ದುಪಡಿ ಅರ್ಜಿ ಕೊಟ್ಟು ಸಮ್ಮತಿ ಪತ್ರಕ್ಕೆ ಆ ಸಾಲು ಸೇರಿಸಿದೆ. ಅದಕ್ಕೆ ಏಳು ವಾರ ಹೋಯಿತು. ಹೊಸ ಪರದೆಯನ್ನೂ ಬದಲಿಸಿದೆ. ತೆರೆದ ವಾಲ್ವಿಗೆ ಟೊಳ್ಳು ಆಕಾರ, ಮುಚ್ಚಿದ್ದಕ್ಕೆ ತುಂಬಿದ ಆಕಾರ, ಪಕ್ಕದಲ್ಲಿ "ತೆರೆದಿದೆ", "ಮುಚ್ಚಿದೆ" ಎಂಬ ಅಕ್ಷರ. ಬಣ್ಣ ಇಲ್ಲದೆಯೂ ಓದಲು ಬರಬೇಕು ಎಂಬ ನಿಯಮ ನ್ಯುರೆಗ್ ಮಾರ್ಗಸೂಚಿಯಲ್ಲೂ ಇತ್ತು. ಓದಿದ್ದೆ, ದಾಟಿ ಹೋಗಿದ್ದೆ.

ಮುಖ್ಯ ಪ್ರಯೋಗಕ್ಕೆ 36 ಜನ. 24 ವಿದ್ಯಾರ್ಥಿಗಳು, 12 ಜನ ದಿನವೂ ಪ್ಯಾನೆಲ್ ನೋಡುವವರು: ಸಬ್‌ಸ್ಟೇಷನ್, ಸಕ್ಕರೆ ಕಾರ್ಖಾನೆಯ ಬಾಯ್ಲರ್, ನೀರು ಸರಬರಾಜು ಪಂಪ್‌ಹೌಸ್. ಪ್ರತಿಯೊಬ್ಬರೂ ಎರಡೂ ಪರದೆಗಳಲ್ಲಿ ಕೂರಬೇಕು. ಅರ್ಧ ಜನಕ್ಕೆ ಹಳೆಯದು ಮೊದಲು, ಅರ್ಧ ಜನಕ್ಕೆ ಹೊಸದು ಮೊದಲು, ಇಲ್ಲದಿದ್ದರೆ ಅಭ್ಯಾಸದಿಂದ ಬಂದ ಸುಧಾರಣೆಯನ್ನು ಪರದೆಯ ಗುಣ ಎಂದುಕೊಳ್ಳುತ್ತೇವೆ. ಕೆಟ್ಟುಹೋಗುವ ಭಾಗವೂ ಎರಡು ಸಲ ಒಂದೇ ಆಗಿರಬಾರದು. ಏಪ್ರಿಲ್‌ನಲ್ಲಿ ಶುರು ಮಾಡಿದ್ದು ನನ್ನ ತಪ್ಪು. ದಾವಣಗೆರೆಯ ಏಪ್ರಿಲ್ ಬಿಸಿಲು, ಅದರ ಮೇಲೆ ಕರೆಂಟ್ ಹೋಗುವುದು. ಯುಪಿಎಸ್ ಮೂರು ಮಾನಿಟರನ್ನು ಹನ್ನೆರಡು ನಿಮಿಷ ತಡೆಯುತ್ತಿತ್ತು, ಪ್ರಯೋಗ ನಲವತ್ತು ನಿಮಿಷದ್ದು. ಐದು ಜನರದ್ದು ಅರ್ಧಕ್ಕೆ ನಿಂತು, ಅವರನ್ನು ಬಿಟ್ಟು ಹೊಸಬರನ್ನು ಹುಡುಕಬೇಕಾಯಿತು. ಬೆಸ್ಕಾಂನವರ ನಿಗದಿತ ಕಡಿತದ ಪ್ರಕಟಣೆ ಹಿಂದಿನ ದಿನವೇ ನೋಡಿಕೊಳ್ಳಿ, ಬೆಳಗಿನ ಏಳರಿಂದ ಹತ್ತರ ಒಳಗೆ ಮುಗಿಸಿ.

ಏನು ಕಂಡೆ ಎಂದರೆ, ರಿಲೀಫ್ ವಾಲ್ವ್ ತೆರೆದೇ ಉಳಿಯುವ ಸನ್ನಿವೇಶದಲ್ಲಿ ಹಳೆಯ ಪರದೆಯ ಮುಂದೆ ಕೂತವರ ಕೈ ಮೊದಲು ಹೋಗುತ್ತಿದ್ದದ್ದು ಹೂಟರ್ ನಿಲ್ಲಿಸುವ ಬಟನ್ನಿಗೆ. ಒಂದು ಹುಡುಗಿಯ ಹೆಬ್ಬೆರಳು ಆ ಬಟನ್ ಮೇಲೇ ಇತ್ತು. ಅಲಾರಂ ಬರುವುದು, ಒತ್ತುವುದು, ಬರುವುದು, ಒತ್ತುವುದು. ಕಣ್ಣು ಕಿಟಕಿಗಳ ಮೇಲೆ ಓಡುತ್ತಿತ್ತು, ಒಂದನ್ನೂ ಓದುತ್ತಿರಲಿಲ್ಲ. ಅದೇ ಹುಡುಗಿ ಹೊಸ ಪರದೆಯಲ್ಲಿ ಬೆರಳನ್ನು ಪೈಪಿನ ಗೆರೆಯ ಮೇಲಿಟ್ಟು ಪ್ರೆಶರೈಸರಿನಿಂದ ಮೇಲಕ್ಕೆ ಎಳೆಯುತ್ತ ಹೋಗಿ ವಾಲ್ವಿನ ಹತ್ತಿರ ನಿಲ್ಲಿಸಿ, "ಇಲ್ಲಿ ಸೋರ್ತಿದೆ" ಎಂದಳು. ಆ ಕ್ಷಣ ಬರೆದುಕೊಳ್ಳುತ್ತಿದ್ದ ನನ್ನ ಪೆನ್ನು ನಿಂತಿತು.

ಆದರೆ ಹೊಸ ಪರದೆ ಎಲ್ಲದಕ್ಕೂ ಒಳ್ಳೆಯದು ಎಂದು ಬರೆಯಲು ನನಗೆ ಆಗಲಿಲ್ಲ. ಇನ್ನೊಂದು ಸನ್ನಿವೇಶದಲ್ಲಿ ಸ್ಟೀಮ್ ಜನರೇಟರಿನ ನೀರಿನ ಮಟ್ಟ ಬಹಳ ನಿಧಾನವಾಗಿ ಇಳಿಯುತ್ತದೆ, ಯಾವ ಅಲಾರಮ್ಮೂ ಇಲ್ಲ. ಅಲ್ಲಿ ಹೊಸ ಪರದೆಯಿಂದ ಲಾಭ ಕಾಣಲಿಲ್ಲ. ಚಿತ್ರ ಚೆನ್ನಾಗಿದೆ, ಎಲ್ಲ ಸರಿ ಇರುವ ಹಾಗಿದೆ, ಒಳಗಿನ ಪುಟ ತೆರೆದು ನೋಡುವ ಗೋಜಿಗೇ ಬಹಳ ಜನ ಹೋಗಲಿಲ್ಲ. ಎಲ್ಲವೂ ಕಂಪ್ಯೂಟರಿನೊಳಗೆ ಹೋದಾಗ ಆಪರೇಟರ್ ಸ್ಥಾವರವನ್ನು ಬೀಗದ ಕಿಂಡಿಯಿಂದ ನೋಡಿದ ಹಾಗೆ ಆಗುತ್ತದೆ ಎಂದು ಈ ಕ್ಷೇತ್ರದವರು ಹೇಳುತ್ತಾರೆ; ಪುಟ ಹುಡುಕುವುದೇ ಒಂದು ಪ್ರತ್ಯೇಕ ಕೆಲಸವಾಗುತ್ತದೆ. ಆ ನಿಧಾನದ ಇಳಿತವನ್ನು ಹಿಡಿದವರಲ್ಲಿ ಹೆಚ್ಚಿನವರು ಪಂಪ್‌ಹೌಸ್ ಮತ್ತು ಸಬ್‌ಸ್ಟೇಷನ್ನಿನವರು. ನಾನು ಹೇಳದಿದ್ದರೂ ಅವರು ಬಿಳಿ ಹಾಳೆ ಕೇಳಿ ಇಸಿದುಕೊಂಡು ಐದು ನಿಮಿಷಕ್ಕೊಮ್ಮೆ ರೀಡಿಂಗ್ ಬರೆದುಕೊಳ್ಳುತ್ತಿದ್ದರು. ಆ ಹಾಳೆಗಳನ್ನು ಥೀಸಿಸ್ಸಿನ ಅನುಬಂಧದಲ್ಲಿ ಹಾಗೇ ಹಾಕಿದ್ದೇನೆ.

ಬರೆಯುವ ಕೆಲಸ ಒಂದು ವರ್ಷ ಹಿಡಿಯಿತು. ಯುಜಿಸಿಯ 2018ರ ನಿಯಮದಂತೆ ಈಗಾಗಲೇ ಪ್ರಕಟವಾದ ಬರಹಗಳ ಜೊತೆಗಿನ ಹೋಲಿಕೆ ಶೇ. 10ರ ಒಳಗಿರಬೇಕು. ನನ್ನದು ಮೊದಲ ಸಲ ಶೇ. 17 ಬಂತು, ನಾನೇ ಪ್ರಕಟಿಸಿದ್ದ ಲೇಖನದ ಸಾಲುಗಳು ಮತ್ತು ಪ್ರಶ್ನಾವಳಿಯ ಪಠ್ಯ ಅದರಲ್ಲಿ ಸೇರಿತ್ತು. ಅಧಿಕೃತವಾಗಿ ಕೊಡುವ ಮುನ್ನ ಕಾಲೇಜಿನ ಲೈಬ್ರರಿಯಲ್ಲಿ ಒಮ್ಮೆ ನೋಡಿಸಿಕೊಳ್ಳಿ. ಥೀಸಿಸ್ ಕೊಟ್ಟ ಮೇಲೆ ಪರೀಕ್ಷಕರ ವರದಿಗೆ ಒಂಬತ್ತು ತಿಂಗಳು ಕಾದೆ. ಒಬ್ಬರು ಮೆಚ್ಚಿದ್ದರು, ಇನ್ನೊಬ್ಬರು ನಾಲ್ಕು ಪುಟ ತಿದ್ದುಪಡಿ ಬರೆದಿದ್ದರು. ಆ ನಾಲ್ಕು ಪುಟ ಓದಿದ ಮೊದಲ ದಿನ ಊಟ ಸೇರಲಿಲ್ಲ, ಮೂರನೇ ದಿನಕ್ಕೆ ಅವರು ಎಷ್ಟು ಗಮನವಿಟ್ಟು ಓದಿದ್ದಾರೆ ಎಂದು ಅರ್ಥವಾಯಿತು.

ಖರ್ಚು ಕೇಳಿದವರಿಗೆ: ವಿಶ್ವವಿದ್ಯಾಲಯದ ಶುಲ್ಕಗಳನ್ನು ಸೇರಿಸಿ ಏಳು ವರ್ಷದಲ್ಲಿ ಎರಡೂವರೆ ಲಕ್ಷದ ಹತ್ತಿರ. ಮೂರು ಹಳೆಯ ಮಾನಿಟರ್ ತಲಾ 4,500, ಅನುವಾದ ಮತ್ತು ಮರು ಅನುವಾದಕ್ಕೆ 6,000, ಭಾಗವಹಿಸಿದವರಿಗೆ ಪೂರ್ವಪ್ರಯೋಗ ಮತ್ತು ಅರ್ಧಕ್ಕೆ ನಿಂತವರನ್ನೂ ಸೇರಿಸಿ 9,800. ಅರ್ಧಕ್ಕೆ ನಿಂತರೂ ದುಡ್ಡು ಕೊಡಲೇಬೇಕು, ಬಂದದ್ದು ಬಂದದ್ದೇ. ದುಬಾರಿ ಬಿದ್ದದ್ದು ಓಡಾಟ.

ವೈವಾ ಮುಕ್ತವಾಗಿತ್ತು, ಅಪ್ಪ ಕೊನೆಯ ಸಾಲಿನಲ್ಲಿ ಕೂತಿದ್ದರು. ಹೊರಗಿನ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ವಿದ್ಯಾರ್ಥಿಗಳು ಆಪರೇಟರುಗಳಲ್ಲ, ನಿಮ್ಮ ಪೈಥಾನ್ ಸ್ಥಾವರ ಸ್ಥಾವರವಲ್ಲ. ಹಾಗಾದರೆ ಇದು ಏನನ್ನು ಹೇಳುತ್ತದೆ?" ನಾನು ಇದ್ದದ್ದನ್ನೇ ಹೇಳಿದೆ. ನಿಜವಾದ ಆಪರೇಟರುಗಳಿಗೆ ವರ್ಷಗಟ್ಟಲೆ ತರಬೇತಿ ಇರುತ್ತದೆ, ಅವರು ತಂಡವಾಗಿ, ಲಿಖಿತ ವಿಧಾನ ಹಿಡಿದು ಕೆಲಸ ಮಾಡುತ್ತಾರೆ. ಹೊಸ ಕಂಟ್ರೋಲ್ ರೂಮನ್ನು ಒಪ್ಪುವ ಮುನ್ನ ಪೂರ್ಣಪ್ರಮಾಣದ ಸಿಮ್ಯುಲೇಟರಿನಲ್ಲಿ ನಿಜವಾದ ಆಪರೇಟರುಗಳನ್ನೇ ಕೂರಿಸಿ ನೋಡಬೇಕು ಎಂದು ಅಮೆರಿಕದ ಮಾರ್ಗಸೂಚಿ ಹೇಳುವುದು ಅದಕ್ಕೇ. ನನ್ನ ನಿಮಿಷ-ಸೆಕೆಂಡುಗಳನ್ನು ಸ್ಥಾವರಕ್ಕೆ ಒಯ್ಯಬೇಡಿ. ಪರದೆ ಯಾವ ಬಗೆಯ ತಪ್ಪಿಗೆ ಕೈಹಿಡಿದು ಕರೆದೊಯ್ಯುತ್ತದೆ ಎಂಬುದನ್ನು ಮಾತ್ರ ಒಯ್ಯಿರಿ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ಮುಗಿದ ಮೇಲೆ ಲ್ಯಾಬಿಗೆ ಕರೆದುಕೊಂಡು ಹೋಗಿ ಅಪ್ಪನನ್ನು ಹಳೆಯ ಪರದೆಯ ಮುಂದೆ ಕೂರಿಸಿದೆ. ಅವರಿಗೀಗ ಎಪ್ಪತ್ತಾರು, ಕೈ ಸ್ವಲ್ಪ ನಡುಗುತ್ತದೆ. ಹೂಟರ್ ಕೂಗಿತು. ಅಪ್ಪ ಬಟನ್ ಮುಟ್ಟಲಿಲ್ಲ. ಅಂಗಿಯ ಜೇಬಿನಿಂದ ಪೆನ್ನು ತೆಗೆದು, "ಟೈಮ್ ಎಷ್ಟಾಯ್ತವ್ವಾ?" ಎಂದರು.

ಇನ್ನು ಉಳಿದಿರುವುದು ಸಮ್ಮತಿ ಪತ್ರಗಳು. ಐಸಿಎಂಆರ್ ಪ್ರಕಾರ ಅಧ್ಯಯನ ಮುಗಿದ ಮೇಲೆ ಕನಿಷ್ಠ ಮೂರು ವರ್ಷ ಕಾಪಿಡಬೇಕು. ಹೆಸರಿರುವ ಹಾಳೆಗಳು ಒಂದು ಕಪಾಟಿನಲ್ಲಿ, ಅಂಕಿಗಳಿರುವ ಹಾಳೆಗಳು ಇನ್ನೊಂದರಲ್ಲಿ, ಎರಡಕ್ಕೂ ಬೇರೆ ಬೇರೆ ಬೀಗ. ಕೀಲಿ ನನ್ನ ಹತ್ತಿರ ಒಂದು, ಗೈಡ್ ಸರ್ ಹತ್ತಿರ ಒಂದು. ಮಾನಿಟರುಗಳನ್ನು ಕಾಲೇಜಿಗೇ ಬಿಟ್ಟಿದ್ದೇನೆ. ಯಾರಿಗಾದರೂ ಇಂಥ ಪ್ರಯೋಗಕ್ಕೆ ಕನ್ನಡದ ಸಮ್ಮತಿ ಪತ್ರದ ನಮೂನೆ, ಪ್ರಶ್ನಾವಳಿಯ ಕನ್ನಡ ಪ್ರತಿ ಬೇಕಿದ್ದರೆ ಕೇಳಿ, ಕೊಡುತ್ತೇನೆ. ಮರು ಅನುವಾದವೂ ಜೊತೆಗಿದೆ.